ತಿರುಗುವ ದಂಡದ ಕೀಲು ನಡೆದು ಬಂದ ದಾರಿ



ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಶಕ್ತಿ ಸಾಗಿಸುವ ದಂಡವನ್ನು ನೀವು ನೋಡಿಯೇ ಇರುತ್ತೀರಿ. ಅದರ ಎರಡು ತುದಿಗೂ ಒಂದೊಂದು ಕೀಲು. ಎದುರುಬದುರು ಎರಡು ಕವೆ, ನಡುವೆ ಕೂಡುವ ಗುರುತಿನಂಥ ಉಕ್ಕಿನ ತುಂಡು. ಮೆಕ್ಯಾನಿಕ್ಕುಗಳು ಅದನ್ನು ‘ಕ್ರಾಸ್’ ಅನ್ನುತ್ತಾರೆ. ಜೀಪು, ಲಾರಿಗಳ ಕೆಳಗೂ ಇದೇ ಕೀಲು. ಇದು ಮೋಟಾರಿಗಿಂತ ಬಹಳ ಹಳೆಯದು ಅಂದರೆ ನಂಬುತ್ತೀರಾ?

16ನೆಯ ಶತಮಾನದ ಇಟಲಿಯ ವಿದ್ವಾಂಸ ಕಾರ್ಡಾನೋನ ಹೆಸರು ಇದಕ್ಕೆ ಅಂಟಿಕೊಂಡಿದೆ. ಆದರೆ ಕೆಲಸಕ್ಕೆ ಹಚ್ಚಿದವನು ಇಂಗ್ಲೆಂಡಿನ ರಾಬರ್ಟ್ ಹುಕ್. ಆಕಾಶ ನೋಡುವ ಉಪಕರಣಗಳನ್ನು ತಿರುಗಿಸಲೆಂದು 1676ರಲ್ಲಿ ಅಚ್ಚಾದ ಪುಸ್ತಕದಲ್ಲಿ ಇದನ್ನು ವರ್ಣಿಸಿದ. ಈ ಕೀಲಿಗೆ ಒಂದು ವಕ್ರಬುದ್ಧಿ ಉಂಟು ನೋಡಿ. ಓರೆಯಾಗಿ ಕೂಡಿಸಿದಾಗ ಈಚೆ ತುದಿ ಒಂದೇ ಸಮ ತಿರುಗಿದರೂ ಆಚೆ ತುದಿ ಸುತ್ತಿಗೆ ಎರಡು ಸಲ ಬೇಗ, ಎರಡು ಸಲ ನಿಧಾನ. ನೆರಳು ಗಡಿಯಾರದ ನೆರಳೂ ಇದೇ ಲೆಕ್ಕದಲ್ಲಿ ಸರಿಯುತ್ತದೆ. ಹುಕ್ ಆ ಕೊರತೆಯನ್ನೇ ಅಲ್ಲಿ ಉಪಯೋಗಕ್ಕೆ ತಂದ. ಜಾಣ!

ಮೊದಮೊದಲ ಕಾರುಗಳಲ್ಲಿ ಹಿಂದಿನ ಚಕ್ರಗಳನ್ನು ತಿರುಗಿಸಲು ಹೆಚ್ಚಾಗಿ ಚೈನು ಇರುತ್ತಿತ್ತು. ಧೂಳು ಕೆಸರಿಗೆ ಬೇಗ ಸವೆಯುತ್ತಿತ್ತು. 1898ರಲ್ಲಿ ಫ್ರಾನ್ಸಿನ ಲೂಯಿ ರೆನೋ ಚೈನಿನ ಬದಲು ದಂಡ ಹಾಕಿದ. 1903ರಲ್ಲಿ ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಮೋಟಾರಿಗೆ ಒಗ್ಗುವ ಕೀಲಿಗೆ ಪೇಟೆಂಟ್ ಪಡೆದ. ಗೇರ್‌ಬಾಕ್ಸು ಚಾಸಿಗೆ ಬಿಗಿದದ್ದು, ಹಿಂದಿನ ಅಚ್ಚೋ ಸ್ಪ್ರಿಂಗಿನ ಮೇಲೆ ಏಳುತ್ತ ಬೀಳುತ್ತ ಇರುತ್ತದೆ. ಆದ್ದರಿಂದ ಎರಡು ಕೀಲು ಬೇಕು, ಉದ್ದ ಹೆಚ್ಚು ಕಡಿಮೆಯಾಗಲು ಜಾರುವ ದಂಡವೂ ಬೇಕು. ಮೊದಲ ಕೀಲು ಮಾಡಿದ ಏರುಪೇರನ್ನು ಎರಡನೆಯದು ಅಳಿಸುತ್ತದೆ. ಆದರೆ ಎರಡು ಓರೆಯೂ ಸಮನಾಗಿರಬೇಕು, ನಡುದಂಡದ ಎರಡು ಕವೆಗಳೂ ಒಂದೇ ಸಾಲಿನಲ್ಲಿ ನಿಂತಿರಬೇಕು.

ಹೊಲಕ್ಕೆ ಇದು ಬಂದದ್ದು ಹೇಗೆ? ಹಿಂದೆ ಕೊಯ್ಲಿನ ಯಂತ್ರ ತನ್ನದೇ ಚಕ್ರದಿಂದ ಶಕ್ತಿ ಪಡೆಯುತ್ತಿತ್ತು. ಒದ್ದೆ ನೆಲದಲ್ಲಿ ಚಕ್ರ ಜಾರಿದರೆ ಕತ್ತರಿಯೂ ನಿಂತಿತೆನ್ನಿ. 1918ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತನ್ನ ಟ್ರ್ಯಾಕ್ಟರಿಗೆ ಪಿ.ಟಿ.ಓ. ಕೊಟ್ಟಿತು, ಎಂಜಿನ್ನಿನ ಶಕ್ತಿ ದಂಡದ ಮೂಲಕ ನೇರ ಯಂತ್ರಕ್ಕೆ ಹೋಯಿತು.

ಈಗ ಲೆಕ್ಕ ಕೇಳಿ. ಪಿ.ಟಿ.ಓ. ನಿಮಿಷಕ್ಕೆ 540 ಸುತ್ತು, ಓರೆ 30 ಡಿಗ್ರಿ ಇರಲಿ. ಒಂದೇ ಕೀಲಿನ ಆಚೆ ವೇಗ 468ರಿಂದ 624ರವರೆಗೆ ತೂಗಾಡುತ್ತದೆ. ಕವೆಗಳು ಸಾಲಾಗಿದ್ದರೆ ಕೊನೆಗೆ ಮತ್ತೆ 540. ದಂಡದ ಎರಡು ತುಂಡು ಬಿಚ್ಚಿ ಗ್ರೀಸ್ ಹಚ್ಚಿ, ಕಾಲು ಸುತ್ತು ತಪ್ಪಿಸಿ ಸೇರಿಸಿದಿರೋ, ಎರಡು ಏರುಪೇರೂ ಕೂಡಿ 405ರಿಂದ 720! ಗಡಗಡ ಶಬ್ದ, ಮುರಿದ ಕ್ರಾಸು, ಹಾಳಾದ ಬೇರಿಂಗು. ಕಬ್ಬಿಣ ಕೆಟ್ಟದ್ದೆಂದು ಅಂಗಡಿಯವನನ್ನು ಬೈದರೆ ಏನು ಬಂತು?

ಬಿಚ್ಚುವ ಮೊದಲೇ ಎರಡು ತುಂಡಿನ ಮೇಲೂ ಸೇರುವಂತೆ ಉಳಿಯಿಂದ ಒಂದು ಗೀರು ಹಾಕಿ. ಕೂಡಿಸುವಾಗ ಗೀರಿಗೆ ಗೀರು ಸೇರಿಸಿ, ಕವೆಗಳ ಸಾಲನ್ನು ಕಣ್ಣಳತೆಯಲ್ಲಿ ನೋಡಿ. ರೋಟವೇಟರನ್ನು ಎತ್ತುವಾಗ, ತಿರುವಿನಲ್ಲಿ, ಪಿ.ಟಿ.ಓ. ನಿಲ್ಲಿಸಿ. ದಂಡದ ಮೇಲಿನ ಕವಚವನ್ನು ಕಿತ್ತು ಬದುವಿಗೆ ಎಸೆಯಬೇಡಿ. ಪಂಚೆಯ ಚುಂಗು ಸಿಕ್ಕಿದರೆ ಕೈ ಹಿಂದಕ್ಕೆಳೆಯುವಷ್ಟೂ ಹೊತ್ತಿರುವುದಿಲ್ಲ.