ಸೂಳೆಕೆರೆ

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ, ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಕಟ್ಟಿ ನಿರ್ಮಿಸಿದ ಪ್ರಾಚೀನ ಬೃಹತ್ ಕೆರೆ. ಇನ್ನೊಂದು ಹೆಸರು ಶಾಂತಿಸಾಗರ. ಕಾಲ 11-12ನೆಯ ಶತಮಾನವೆಂದು ಪ್ರತೀತಿ. ಕಟ್ಟಿಸಿದವಳು ರಾಜಕುವರಿ ಶಾಂತವ್ವ ಎನ್ನುತ್ತಾರೆ. ಜಾಗ ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರೇ ಇರಬೇಕೆಂದು ಷರತ್ತು ಹಾಕಿದರು ಎಂಬುದು ಐತಿಹ್ಯ. ಕಥೆಯ ಪಾಠಾಂತರಗಳು ಹಲವು. ಹೆಸರಿಗೆ ಕಾರಣ ಹೇಳದ ಪಾಠ ಮಾತ್ರ ವಿರಳ. ಮುಜುಗರದಿಂದ ಶಾಂತಿಸಾಗರ ಎನ್ನುವವರುಂಟು, ಫಲಕ-ಕಡತಗಳಲ್ಲೂ ಅದು ಕಾಣುತ್ತದೆ. ಸುತ್ತಲಿನ ಊರುಗಳ ಬಾಯಲ್ಲಿ ಉಳಿದಿರುವುದು ಹಳೆಯ ಹೆಸರೇ. ಮೈಸೂರು ಸಂಸ್ಥಾನದ ಗೆಜೆಟಿಯರಿನಲ್ಲಿ ದಾಖಲಾದದ್ದೂ ಅದೇ. ಕೆರೆಯ ಒಡಲನ್ನು ತುಂಬುವ ಹರಿದ್ರಾ ಹಳ್ಳ ಮುಂದೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ತೂಬುಗಳಿಂದ ಹೊರಡುವ ಸಿದ್ದನಾಲೆ, ಬಸವನಾಲೆಗಳು ಇಂದಿಗೂ ಗದ್ದೆ-ತೋಟಗಳಿಗೆ ನೀರುಣಿಸುತ್ತಿವೆ.