ಉರಿಯೂತ
ಉರಿ, ಊತ, ನಡುವೆ ಯಕಾರಾಗಮ. ‘ಇನ್‌ಫ್ಲಮೇಶನ್’ ಪದದ ಲ್ಯಾಟಿನ್ ಮೂಲದಲ್ಲಿರುವುದು ಬೆಂಕಿ ಮಾತ್ರ; ಕನ್ನಡ ಬಾವನ್ನೂ ಸೇರಿಸಿಕೊಂಡಿದೆ. ರೋಮಿನ ಸೆಲ್ಸಸ್ ಹೇಳಿದ ಕೆಂಪು, ಬಾವು, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳಲ್ಲಿ ಎರಡು ಈ ಒಂದೇ ಪದದಲ್ಲಿವೆ. ಬಳಕೆ: ಕೀಲಿನ ಉರಿಯೂತ, ಯಕೃತ್ತಿನ ಉರಿಯೂತ.

ಈ ಲಕ್ಷಣಗಳ ಹಿಂದೆ ದೇಹದೊಳಗೆ ನಡೆಯುವ, ಕಣ್ಣಿಗೆ ಕಾಣದ ಭಾಗ ಇನ್ನೂ ಸೊಗಸು. ಗಾಯದ ಬಳಿಯ ರಕ್ತನಾಳದ ಒಳಗೋಡೆಯಲ್ಲಿ ನಿಮಿಷಗಳೊಳಗೆ ಸೆಲೆಕ್ಟಿನ್ ಎಂಬ ಪ್ರೋಟೀನುಗಳು ಮೇಲೆ ಬರುತ್ತವೆ. ರಭಸದಲ್ಲಿ ಹೋಗುತ್ತಿದ್ದ ಬಿಳಿ ರಕ್ತಕಣ ಅವಕ್ಕೆ ತಗುಲಿ, ವೇಗ ಕಳೆದುಕೊಂಡು, ಗೋಡೆಯ ಮೇಲೆ ಉರುಳತೊಡಗುತ್ತದೆ. ಆಮೇಲೆ ಅದರ ಮೈಮೇಲಿನ ಇಂಟೆಗ್ರಿನ್‌ಗಳು ಗೋಡೆಯನ್ನು ಬಿಗಿಯಾಗಿ ಹಿಡಿಯುತ್ತವೆ. ಕಣ ನಿಂತು, ಜೀವಕೋಶಗಳ ಸಂದಿನಲ್ಲಿ ನುಸುಳಿ ಹೊರಬರುತ್ತದೆ. ಹುಟ್ಟಿನಿಂದ ಈ ಇಂಟೆಗ್ರಿನ್ ಕೊರತೆಯಿರುವ ಮಕ್ಕಳಲ್ಲಿ ರಕ್ತದ ತುಂಬ ಬಿಳಿ ಕಣಗಳಿದ್ದರೂ ಗಾಯ ಕೀವು ಕಟ್ಟುವುದಿಲ್ಲ. ಹೊಕ್ಕುಳಬಳ್ಳಿ ಬೀಳುವುದೂ ತಡ.