ಹಳೆಯ ಜೀಪಿಗೆ ಅಗ್ಗದ ಚಕ್ರ: ಒಂದು ಅಳತೆಯ ಇತಿಹಾಸ

ಕೋಲಾರದ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಇರುವುದು ಕೆರೆ ಏರಿಗಳು, ಬಂಡೆಗುಡ್ಡಗಳು, ಒಣಗಿದ ಹಳ್ಳಗಳ ಮರಳು. ಶ್ರೀನಿವಾಸಪುರದ ಮಾವಿನ ತೋಪು, ಮುಳಬಾಗಿಲಿನ ಆವಣಿ ಬೆಟ್ಟದ ತಪ್ಪಲು, ಮಾಲೂರಿನ ಇಟ್ಟಿಗೆ ಗೂಡು - ಇಂಥ ಕಡೆಗಳಿಗೆ ಹೋಗಿಬರಲು ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಜೀಪು ಹೇಳಿ ಮಾಡಿಸಿದ ವಾಹನ. ಎಂಜಿನ್ನನ್ನು ಎಷ್ಟು ಸಲ ಬೇಕಾದರೂ ಬಿಚ್ಚಿ ಕಟ್ಟಬಹುದು. ಆದರೆ ಬಿರುಕು ಬಿಟ್ಟ ಅಥವಾ ಸೊಟ್ಟಗಾದ ಚಕ್ರಕ್ಕೆ ಬದಲಿ ಬೇಕೇ ಬೇಕು. ವಾಹನವೇ ನಾಲ್ಕೈದು ದಶಕ ಹಳೆಯದಾದರೆ ಚಕ್ರವನ್ನು ಎಲ್ಲಿಂದ ತರುವುದು? ಗುಜರಿಯಲ್ಲಿ ಅಗ್ಗಕ್ಕೆ ಸಿಗುವುದು ಹೊಂದುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಇತಿಹಾಸ, ಸ್ವಲ್ಪ ಭೌತವಿಜ್ಞಾನ ಎರಡೂ ಬೇಕಾಗುತ್ತವೆ.

ಒಂದು ಚಕ್ರದ ಬದಲಿಗೆ ಇನ್ನೊಂದು

1765ರ ಸುಮಾರಿಗೆ ಫ್ರಾನ್ಸಿನ ಸೇನಾಧಿಕಾರಿ ಗ್ರಿಬೋವಾಲ್ ಫಿರಂಗಿ ಗಾಡಿಗಳ ಭಾಗಗಳನ್ನು ನಿಗದಿತ ಅಳತೆಗೆ ತರುವ ಸುಧಾರಣೆಯನ್ನು ಕೈಗೊಂಡ. ಒಂದು ಗಾಡಿಯ ಭಾಗ ಇನ್ನೊಂದಕ್ಕೆ ಕೂಡಬೇಕು ಎಂಬುದು ಅದರ ತಿರುಳು. ಇದೇ ವಿಚಾರ 175 ವರ್ಷಗಳ ನಂತರ ಜೀಪಿನಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. 1940ರಲ್ಲಿ ಅಮೆರಿಕದ ಸೇನೆ ಹಗುರವಾದ ಒಂದು ವಾಹನಕ್ಕೆ ಬೇಡಿಕೆಯಿಟ್ಟಿತು. ಬ್ಯಾಂಟಮ್ ಕಂಪನಿ ಆ ವರ್ಷದ ಸೆಪ್ಟೆಂಬರ್ 23ರಂದು ಮೊದಲ ಮಾದರಿಯನ್ನು ಒಪ್ಪಿಸಿತು. ಆದರೆ ದೊಡ್ಡ ಸಂಖ್ಯೆಯಲ್ಲಿ ತಯಾರಿಸುವ ಕೆಲಸ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಕಟ್ಟಿದ್ದವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದಬೇಕೆಂಬುದು ಸೇನೆಯ ಷರತ್ತು.

ಆ ಜೀಪಿನ ಚಕ್ರದಲ್ಲಿ ಐದು ಬೋಲ್ಟ್ ರಂಧ್ರಗಳಿದ್ದವು. ಅವುಗಳ ಕೇಂದ್ರಗಳ ಮೂಲಕ ಹಾದುಹೋಗುವ ವೃತ್ತದ ವ್ಯಾಸ ಐದೂವರೆ ಅಂಗುಲ. ಫೋರ್ಡ್ ಮಾಡೆಲ್-ಎ ಕಾರಿನಲ್ಲಿಯೂ ಇದೇ ಅಳತೆಯಿತ್ತು.

1945ರಲ್ಲಿ ಆರಂಭವಾದ ಮಹೀಂದ್ರ ಸಂಸ್ಥೆ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸುವ ಪರವಾನಗಿ ಪಡೆಯಿತು. ಎತ್ತರದ ಬಾನೆಟ್ಟಿನ ಸಿ.ಜೆ.-3ಬಿ ಮಾದರಿ ಅಮೆರಿಕದಲ್ಲಿ 1953ರಿಂದ 1968ರವರೆಗೆ ತಯಾರಾಗಿ ನಿಂತುಹೋಯಿತು. ಅದರ ವಂಶ ನಮ್ಮಲ್ಲಿ ಇನ್ನೂ ದಶಕಗಳ ಕಾಲ ಮುಂದುವರಿಯಿತು. ಐದು ರಂಧ್ರ, ಐದೂವರೆ ಅಂಗುಲದ ವೃತ್ತವೂ ಜೊತೆಗೇ ಬಂದಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಚಕ್ರದಲ್ಲಿಯೂ ಇರುವುದು ಅದೇ ಅಳತೆ. ಹಳೆಯ ಜೀಪಿಗೆ ಚಕ್ರ ಅಗ್ಗವಾಗಿ ದೊರೆಯಲು ಇದೇ ಮುಖ್ಯ ಕಾರಣ. ಎಂಬತ್ತು ವರ್ಷಗಳ ಹಿಂದೆ ನಿಗದಿಯಾದ ಒಂದು ಸಂಖ್ಯೆಯನ್ನು ಬದಲಿಸುವ ಅಗತ್ಯ ಬೀಳಲಿಲ್ಲ, ಅಷ್ಟೆ.

ಆ ಸಂಖ್ಯೆಯನ್ನು ಇಂದು 139.7 ಮಿ.ಮೀ. ಎಂದು ಬರೆಯುತ್ತಾರೆ. ಇದೇಕೆ ಹೀಗೆ ವಿಚಿತ್ರವಾಗಿದೆ ಎಂದು ನಿಮಗೆ ಅನಿಸಬಹುದು. 5.5ನ್ನು 25.4ರಿಂದ ಗುಣಿಸಿ ನೋಡಿ. ಭಾರತ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡಿತು. 1959ರಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ಆರು ದೇಶಗಳು ಒಂದು ಅಂಗುಲವೆಂದರೆ ಸರಿಯಾಗಿ 25.4 ಮಿ.ಮೀ. ಎಂದು ತೀರ್ಮಾನಿಸಿದವು. ಬಟ್ಟೆಯಂಗಡಿಯಿಂದ ಗಜ ಹೋದರೂ ಪಂಕ್ಚರ್ ಅಂಗಡಿಯಿಂದ ಅಂಗುಲ ಹೋಗಲಿಲ್ಲ.

ಅಳೆಯುವುದು ಹೇಗೆ?

ಐದು ರಂಧ್ರಗಳಲ್ಲಿ ಯಾವ ಎರಡೂ ಎದುರುಬದುರಾಗಿ ಇರುವುದಿಲ್ಲ. ಆದ್ದರಿಂದ ವೃತ್ತದ ವ್ಯಾಸವನ್ನು ನೇರವಾಗಿ ಅಳೆಯಲಾಗದು. ಇಲ್ಲಿ ತ್ರಿಕೋಣಮಿತಿ ನೆರವಿಗೆ ಬರುತ್ತದೆ. ಪಕ್ಕಪಕ್ಕದ ಎರಡು ರಂಧ್ರಗಳು ಕೇಂದ್ರದಲ್ಲಿ 72 ಡಿಗ್ರಿ ಕೋನವನ್ನು ಉಂಟುಮಾಡುತ್ತವೆ. ಅವುಗಳ ನಡುವಿನ ದೂರ, ವ್ಯಾಸ ಮತ್ತು ಸೈನ್ 36 ಡಿಗ್ರಿಯ ಗುಣಲಬ್ಧಕ್ಕೆ ಸಮ. ಸೈನ್ 36 ಡಿಗ್ರಿ ಎಂದರೆ 0.588. ಜೀಪಿನ ಚಕ್ರದಲ್ಲಿ ಈ ದೂರ ಸುಮಾರು 82 ಮಿ.ಮೀ. ಬರಬೇಕು. 67 ಮಿ.ಮೀ. ಬಂದರೆ ಅದು ನಾಲ್ಕೂವರೆ ಅಂಗುಲ ವೃತ್ತದ, ಇನ್ನೋವದಂಥ ವಾಹನದ ಚಕ್ರ. ನೋಡಲು ಹತ್ತಿರವಿದ್ದರೂ ಕೂಡುವುದಿಲ್ಲ. ಇನ್ನು ಫಾರ್ಚುನರ್ ಚಕ್ರದ ವೃತ್ತ 139.7 ಮಿ.ಮೀ. ಆಗಿದ್ದರೂ ಅದರಲ್ಲಿ ಆರು ರಂಧ್ರಗಳಿವೆ.

ಬೋಲ್ಟ್‌ಗಳಿಗೆ ಕೂತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಡುವಿನ ದೊಡ್ಡ ರಂಧ್ರ ಹಬ್ಬಿನ ಮೇಲೆ ಕೂರಬೇಕು. ರಿಮ್ಮು ಬ್ರೇಕ್ ಡ್ರಮ್ಮಿಗಾಗಲಿ, ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಪಟ್ಟಿಗಾಗಲಿ ತಗುಲಬಾರದು. ಜಾಕ್ ಕೊಟ್ಟು ಎತ್ತಿ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡುವುದು ಒಳ್ಳೆಯದು. ಹಳೆಯ ವಿಲ್ಲಿಸ್ ಜೀಪುಗಳ ಎಡಗಡೆಯ ಚಕ್ರಗಳಿಗೆ ಎಡಸುತ್ತಿನ ನಟ್ಟುಗಳಿದ್ದವು ಎಂಬುದನ್ನೂ ನೆನಪಿಡಿ. ಚಕ್ರ ಉರುಳುವಾಗ ನಟ್ಟು ತಾನಾಗಿ ಸಡಿಲವಾಗದಿರಲಿ ಎಂದು ಮಾಡಿದ ಏರ್ಪಾಡು ಇದು. ಇದನ್ನು ತಿಳಿಯದೆ ಎಂದಿನಂತೆ ಸ್ಪ್ಯಾನರ್ ತಿರುಗಿಸಿದರೆ ನಟ್ಟು ಇನ್ನಷ್ಟು ಬಿಗಿದು ಬೋಲ್ಟೇ ಮುರಿಯುತ್ತದೆ.

ಅಗ್ಗವೆಂದರೆ ಎಷ್ಟು ಅಗ್ಗ?

ಹಳೆಯ ಜೀಪಿನ ರಿಮ್ಮು 16 ಅಂಗುಲದ್ದು, ಟೈರು 6.00-16. ಜಿಪ್ಸಿಯ ರಿಮ್ಮು 15 ಅಂಗುಲದ್ದು. 16ರ ಟೈರು 15ರ ರಿಮ್ಮಿಗೆ ಹೊಂದುವುದೇ ಇಲ್ಲ. ಹೀಗಾಗಿ ರಿಮ್ಮು ಅಗ್ಗವಾಗಿ ಸಿಕ್ಕರೂ ಟೈರು ಟ್ಯೂಬುಗಳ ಖರ್ಚು ಬೆನ್ನಿಗೆ ಬರುತ್ತದೆ.

ಟೈರಿನ ಹೊರವ್ಯಾಸವನ್ನೂ ಲೆಕ್ಕ ಹಾಕೋಣ. ಹಳೆಯ ಟೈರುಗಳಲ್ಲಿ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ 16ಕ್ಕೆ ಎರಡು ಸಲ 6 ಸೇರಿಸಿದರೆ 28 ಅಂಗುಲ, ಅಂದರೆ ಸುಮಾರು 711 ಮಿ.ಮೀ. ಜಿಪ್ಸಿಯ 205/70 ಆರ್ 15 ಟೈರಿನಲ್ಲಿ ಎತ್ತರ ಅಗಲದ ಶೇಕಡ 70 ಮಾತ್ರ. ಹೊರವ್ಯಾಸ 668 ಮಿ.ಮೀ. ಇದನ್ನು ಹಾಕಿದರೆ ಜೀಪು ಎರಡು ಸೆಂ.ಮೀ.ಗಿಂತ ಹೆಚ್ಚು ಕೆಳಗಿಳಿಯುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ ಸುಮಾರು 56 ಇರುತ್ತದೆ. ಬೊಲೆರೊದಲ್ಲಿ ಬಳಕೆಯಲ್ಲಿರುವ 215/75 ಆರ್ 15 ಟೈರಿನ ಹೊರವ್ಯಾಸ 703 ಮಿ.ಮೀ.ಗೆ ತುಸು ಹೆಚ್ಚು. ರಿಮ್ಮಿನ ಅಗಲ ಒಪ್ಪುವುದಾದರೆ ಇದು ಮೂಲ ಅಳತೆಗೆ ಬಹಳ ಹತ್ತಿರ.

ಆದರೆ ಒಂದೇ ಚಕ್ರ ಕೆಟ್ಟಿದ್ದರೆ 16 ಅಂಗುಲದ್ದನ್ನೇ ಹುಡುಕಬೇಕು. ನಾಲ್ಕು ಚಕ್ರಗಳ ಚಾಲನೆಗೆ ಹಾಕಿದಾಗ ಇಂಥ ಜೀಪುಗಳಲ್ಲಿ ಮುಂದಿನ, ಹಿಂದಿನ ಅಚ್ಚುಗಳು ಒಂದಕ್ಕೊಂದು ಬಂಧಿಸಲ್ಪಡುತ್ತವೆ. ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ವ್ಯಾಸದಲ್ಲಿ ಎರಡೇ ಸೆಂ.ಮೀ. ವ್ಯತ್ಯಾಸವಿದ್ದರೂ ಕಿ.ಮೀ.ಗೆ 13 ಸುತ್ತುಗಳ ಅಂತರ ಬೀಳುತ್ತದೆ. ಮರಳಿನಲ್ಲಿ ಚಕ್ರ ಜಾರಿ ಅದು ಸರಿಹೋಗುತ್ತದೆ. ಬಂಡೆಯ ಮೇಲೆ, ಡಾಂಬರಿನ ಮೇಲೆ ಹಲ್ಲುಚಕ್ರಗಳೇ ಅದನ್ನು ತಾಳಬೇಕು. ಹದಿನೈದಕ್ಕೆ ಬದಲಿಸುವುದಾದರೆ ಸ್ಟೆಪ್ನಿಯೂ ಸೇರಿ ಐದನ್ನೂ ಬದಲಿಸುವುದೇ ಸರಿ.

ಕಣ್ಣಿಗೆ ಕಾಣದ ಹಿಂದಿನ ಬದುಕು

ಗುಜರಿಯ ಚಕ್ರದ ಎಲ್ಲ ಅಳತೆಗಳೂ ಸರಿಯಿವೆ ಎನ್ನೋಣ. ಅದು ಎಷ್ಟು ದೂರ ಉರುಳಿದೆ ಎಂಬುದನ್ನು ಯಾವ ಅಳತೆಪಟ್ಟಿಯೂ ಹೇಳದು. 711 ಮಿ.ಮೀ. ವ್ಯಾಸದ ಚಕ್ರ ಒಂದು ಕಿ.ಮೀ.ನಲ್ಲಿ ಸುಮಾರು 448 ಸುತ್ತು ಹಾಕುತ್ತದೆ. ಪ್ರತಿ ಸುತ್ತಿನಲ್ಲಿಯೂ ಡಿಸ್ಕಿನ ಪ್ರತಿ ಭಾಗ ಒಮ್ಮೆ ಬಾಗಿ ಹಿಂದಿರುಗುತ್ತದೆ. 50,000 ಕಿ.ಮೀ. ಎಂದರೆ ಎರಡು ಕೋಟಿಗೂ ಮೀರಿದ ಬಾಗುವಿಕೆಗಳು. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲು ಎಂಜಿನ್ನಿನ ಅಚ್ಚು ಮುರಿದು ಹಲವಾರು ಜನ ಸತ್ತರು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ರೈಲು ಅಚ್ಚುಗಳ ಮೇಲೆ ದೀರ್ಘ ಪ್ರಯೋಗಗಳನ್ನು ನಡೆಸಿ, ಒಮ್ಮೆಗೆ ಮುರಿಯದ ಹೊರೆಯೂ ಮತ್ತೆ ಮತ್ತೆ ಬಿದ್ದರೆ ಲೋಹವನ್ನು ಮುರಿಯಬಲ್ಲದು ಎಂದು ತೋರಿಸಿದ. ಇದೇ ಲೋಹದ ದಣಿವು. ಬಿರುಕು ಸಾಮಾನ್ಯವಾಗಿ ಬೋಲ್ಟ್ ರಂಧ್ರಗಳ ಸುತ್ತ, ಬೆಸುಗೆಯ ಅಂಚಿನಲ್ಲಿ ಆರಂಭವಾಗುತ್ತದೆ. ಬಣ್ಣ ಬಳಿದರೆ ಅದು ಮರೆಯಾಗುತ್ತದೆ. ಬಣ್ಣವನ್ನು ಕೆರೆದು, ತಂತಿಯ ಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆ ಸವರಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿನಲ್ಲಿ ಉಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ.

ಎತ್ತಿನಗಾಡಿಯಿಂದ ಬಿಚ್ಚಿದ ಚಕ್ರವನ್ನು ಜೀಪಿಗೆ ಹಾಕುವ ಮುನ್ನ ಎರಡು ಸಲ ಯೋಚಿಸಿ. ಗಂಟೆಗೆ 5 ಕಿ.ಮೀ. ಹೋಗುವ ಗಾಡಿಯಲ್ಲಿ ಬಿರುಕು ಬಿಟ್ಟ ಚಕ್ರವೂ ಬಾಳಬಹುದು. ಜೀಪು 50ರಲ್ಲಿ ಹೋಗುವಾಗ ಅದೇ ಚಕ್ರದ ಚಲನಶಕ್ತಿ ನೂರು ಪಟ್ಟು. ಯುದ್ಧಕಾಲದ ಎರಡು ಹೋಳಿನ ರಿಮ್ಮು ಸಿಕ್ಕರಂತೂ ಗಾಳಿಯನ್ನು ಪೂರ್ತಿ ತೆಗೆಯದೆ ಅದರ ಹೋಳುಗಳನ್ನು ಹಿಡಿದಿರುವ ನಟ್ಟುಗಳಿಗೆ ಕೈ ಹಾಕಕೂಡದು. ಒಳಗಿನ ಗಾಳಿ ಆ ಹೋಳುಗಳನ್ನು ಸಾವಿರಾರು ಪೌಂಡ್ ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ.

ಹಳೆಯ ವಾಹನ ಬಹುಕಾಲ ಬಾಳುವುದು ಹಿಂದಿನವರು ಒಂದು ಅಳತೆಗೆ ಬದ್ಧರಾದುದರಿಂದ. ಅದರಲ್ಲಿ ಕೂತವರು ಕ್ಷೇಮವಾಗಿ ಮನೆ ಸೇರುವುದು ನಾವು ಅಳೆದು, ಕೆರೆದು ನೋಡುವುದರಿಂದ. ಅಧ್ಯಾಪಕರು ಒಂದು ಅಳತೆಪಟ್ಟಿಯೊಂದಿಗೆ ವಿದ್ಯಾರ್ಥಿಗಳನ್ನು ಹತ್ತಿರದ ಪಂಕ್ಚರ್ ಅಂಗಡಿಗೆ ಕರೆದೊಯ್ಯಲಿ. ಸೈನ್ 36 ಡಿಗ್ರಿಯ ಬಳಕೆ ಅಲ್ಲಿ ತಾನಾಗಿ ತಿಳಿಯುತ್ತದೆ.